ಗಾಯಕರ ಮರಣವೂ ಗಾಳಿಮಾತೂ

ರಾಜನು ತೀರಿಕೊಂಡರೆ ಅವನ ಸಿಂಹಾಸನದ ಮೇಲೆ ಮತ್ತೊಬ್ಬನು ಬಂದು ಕುಳಿತುಕೊಳ್ಳುತ್ತಾನೆ. ಕವಿಯು ತೀರಿಕೊಂಡರೆ ಅವನ ಗ್ರಂಥಗಳು ಉಳಿಯುತ್ತವೆ. ಶಿಲ್ಪಿಯು ಮಡಿದರೂ ಅವನು ಕಡೆದ ಕಲ್ಲು ನಿಂತೇ ಇರುತ್ತದೆ. ಗಾಯಕನ ಮಾತು ಬೇರೆ. ಅವನ ಕಲೆ ಅವನ ಉಸಿರಿನಲ್ಲಿಯೇ ಇರತಕ್ಕದ್ದು. ಉಸಿರು ನಿಂತಿತೆಂದರೆ ಕಲೆಯೂ ನಿಂತಿತು. ಗ್ರಾಮಾಫೋನ್ ತಟ್ಟೆಗಳು ಬಂದ ಮೇಲೆ ಈ ನಷ್ಟವು ಸ್ವಲ್ಪ ಕಡಮೆಯಾಗಿದೆಯೆಂಬುದು ನಿಜವಾದರೂ, ಎದುರಿಗೆ ಕುಳಿತು ಕೇಳಿದವರಿಗೆ ತಟ್ಟೆಯು ಪೂರ್ಣ ಸಮಾಧಾನವನ್ನು ಕೊಡಲಾರದು. ಹೀಗಿರುವಾಗ, ನಿನ್ನೆ ಹಾಡಿದ ಕಂಠವು ಇಂದು ಇಲ್ಲವೆಂಬ ಸುದ್ದಿ ಬಂದರೆ ಜನರ ಮನಸ್ಸು ಅದನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಹೇಗೆ ಸತ್ತರು ಎಂಬ ಪ್ರಶ್ನೆಯ ಬೆನ್ನಿಗೇ, ಯಾರು ಏನು ಮಾಡಿದರು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಈ ಎರಡನೆಯ ಪ್ರಶ್ನೆಯ ಚರಿತ್ರೆಯನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ನಮ್ಮ ನಾಡಿಗೆ ಪರಿಚಿತವಾದ ಒಂದು ಮರಣದಿಂದಲೇ ಮೊದಲುಮಾಡೋಣ. ಕಿರಾಣಾ ಘರಾಣೆಯ ಪ್ರವರ್ತಕರಲ್ಲಿ ಒಬ್ಬರಾದ ಉಸ್ತಾದ್ ಅಬ್ದುಲ್ ಕರೀಂ ಖಾನರು 1872ರಲ್ಲಿ ಉತ್ತರ ಹಿಂದೂಸ್ಥಾನದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದರು. ಹುಟ್ಟಿದ್ದು ಅಲ್ಲಿಯಾದರೂ ಅವರ ಕೀರ್ತಿ ಬೆಳೆದುದು ದಕ್ಷಿಣದಲ್ಲಿ. ಮಿರಜೆಯಲ್ಲಿ ಮನೆಮಾಡಿಕೊಂಡು, ಧಾರವಾಡ ಹುಬ್ಬಳ್ಳಿಗಳ ಕಡೆಗೆ ಮೇಲಿಂದ ಮೇಲೆ ಬರುತ್ತ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಆಸ್ಥಾನದಲ್ಲಿ ಹಾಡಿ ಮನ್ನಣೆಯನ್ನು ಪಡೆದು, ಅವರು ಕನ್ನಡಿಗರಿಗೆ ತಮ್ಮವರೇ ಆದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದವರು ಆ ಸವಾಯಿ ಗಂಧರ್ವರ ಶಿಷ್ಯರು. ಖಾನ್ ಸಾಹೇಬರು ಕರ್ನಾಟಕ ಸಂಗೀತವನ್ನೂ ಆದರದಿಂದ ಅಭ್ಯಾಸಮಾಡಿ, ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಗ್ರಾಮಾಫೋನ್ ತಟ್ಟೆಗೆ ಹಾಡಿದ್ದರು. ಹಿಂದೂಸ್ಥಾನೀ ಗಾಯಕರಲ್ಲಿ ಇಂಥ ಪ್ರಯತ್ನವನ್ನು ಆಗ ಮಾಡಿದವರು ವಿರಳ.

1937ರ ಅಕ್ಟೋಬರಿನಲ್ಲಿ ಅವರು ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ಶ್ರೀ ಅರವಿಂದರ ಆಶ್ರಮಕ್ಕೆ ಹೋಗಬೇಕೆಂಬುದು ಉದ್ದೇಶ. ದಾರಿಯಲ್ಲಿ ದೇಹಸ್ಥಿತಿ ಕೆಟ್ಟಿತು. ಚೆಂಗಲ್ಪಟ್ಟಿನ ಸಮೀಪದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಕ್ಟೋಬರ್ 27ರಂದು ಆ ನಿಲ್ದಾಣದಲ್ಲಿಯೇ ಅವರ ಪ್ರಾಣ ಹೋಯಿತು. ಶಿಷ್ಯಪರಂಪರೆಯಲ್ಲಿ ನಡೆದುಬಂದಿರುವ ಕಥೆಯು ಹೀಗಿದೆ: ಕಡೆಯ ಗಳಿಗೆ ಬಂದಿತೆಂದು ತಿಳಿದ ಖಾನ್ ಸಾಹೇಬರು ಅಲ್ಲಿಯೇ ಹಾಸಿಗೆಯನ್ನು ಹಾಸಿಸಿದರು, ಪ್ರಾರ್ಥನೆಯನ್ನು ಸಲ್ಲಿಸಿ, ದರ್ಬಾರಿ ರಾಗದಲ್ಲಿ ದೇವರ ನಾಮವನ್ನು ಹಾಡುತ್ತ ಹಾಡುತ್ತ ಕಣ್ಣುಮುಚ್ಚಿದರು. ದೇಹವನ್ನು ಮಿರಜೆಗೆ ತಂದು, ಅವರು ಭಕ್ತಿಯಿಂದ ನಡೆದುಕೊಳ್ಳುತ್ತಿದ್ದ ಮೀರಾ ಸಾಹೇಬರ ದರ್ಗಾದಲ್ಲಿ ಸಮಾಧಿ ಮಾಡಿದರು.

ಈಗ ಸ್ವಲ್ಪ ಯೋಚಿಸಿ ನೋಡಿರಿ. ಸಂಶಯದ ಕಥೆಯೊಂದು ಹುಟ್ಟುವುದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಇಲ್ಲಿ ಇದ್ದಿತು. ಮರಣವು ಹಠಾತ್ತಾದುದು. ನಡೆದ ಸ್ಥಳವು ಮನೆಯಿಂದ ಬಹುದೂರ; ಅಲ್ಲಿಯ ಭಾಷೆ ಬೇರೆ, ಜನ ಬೇರೆ. ಮನೆತನದಲ್ಲಿ ಬಿರುಕು ಬಿಟ್ಟು ಪತ್ನಿ ತಾರಾಬಾಯಿಯವರು ಮಕ್ಕಳೊಡನೆ ಹಿಂದೆಯೇ ಬೇರೆಯಾಗಿದ್ದರು. ಘರಾಣೆ ಘರಾಣೆಗಳಿಗೆ ಸ್ಪರ್ಧೆಯಿದ್ದ ಕಾಲ ಅದು. ಆದರೂ ಈ ಮರಣವನ್ನು ಕುರಿತು ನಮ್ಮ ಜನರ ನೆನಪಿನಲ್ಲಿ ನೆಲೆಯೂರಿದ ಕಥೆಯಲ್ಲಿ ಶತ್ರುವಿಲ್ಲ, ವಿಷವಿಲ್ಲ, ಒಳಸಂಚಿಲ್ಲ. ಇರುವುದೆಲ್ಲ ರಾಗ ಮತ್ತು ಪ್ರಾರ್ಥನೆ. ಇದಕ್ಕೆ ಕಾರಣವೇನು?

ನಮ್ಮ ದೇಶದವರು ದೈವಭೀರುಗಳಾದುದರಿಂದ ಇಂಥ ಮರಣಗಳಲ್ಲಿ ದೇವರನ್ನು ಕಾಣುತ್ತಾರೆ, ಪಾಶ್ಚಾತ್ಯರಾದರೋ ವಿಷವನ್ನು ಕಾಣುತ್ತಾರೆ ಎಂದು ಕೆಲವರು ಸುಲಭವಾಗಿ ಹೇಳಿಬಿಟ್ಟಾರು. ಅದು ಸಲ್ಲದ ಮಾತು. ಸಂಗೀತಗಾರರ ನಡುವಿನ ಮತ್ಸರದ ಕಥೆಗಳಿಗೆ ನಮ್ಮಲ್ಲಿ ಬಡತನವೇನೂ ಇಲ್ಲ. ಎದುರಾಳಿಯ ಕಂಠವನ್ನು ಕೆಡಿಸುವುದಕ್ಕಾಗಿ ವೀಳ್ಯದಲ್ಲಿ ಸಿಂಧೂರವನ್ನು ಬೆರೆಸಿ ಕೊಡುತ್ತಾರೆಂಬ ಭಯವು ಗಾಯಕರಲ್ಲಿ ಬಹುಕಾಲದಿಂದ ಇದೆ. ತಾನಸೇನನ ಹಗೆಗಳು ಬಾದಶಹನನ್ನು ಮುಂದೆಮಾಡಿ ಅವನಿಂದ ದೀಪಕ ರಾಗವನ್ನು ಹಾಡಿಸಿ ಸುಡಿಸಲು ನೋಡಿದರೆಂಬ ಕಥೆ ಎಲ್ಲರಿಗೂ ಗೊತ್ತಿದೆ. ಇದಕ್ಕಿಂತ ಈಚಿನ ನಿದರ್ಶನ ಬೇಕೆಂದರೆ ಮಾಸ್ಟರ್ ಮದನನದನ್ನು ನೋಡಬಹುದು. ಪಂಜಾಬಿನ ಜಲಂಧರದ ಕಡೆಯ ಹಳ್ಳಿಯೊಂದರಲ್ಲಿ 1927ರಲ್ಲಿ ಹುಟ್ಟಿದ ಈ ಬಾಲಕನು ಎಳೆತನದಲ್ಲಿಯೇ ಹಾಡಿ ದೇಶವನ್ನು ಬೆರಗುಗೊಳಿಸಿದನು. 1942ರ ಜೂನ್ 5ರಂದು ಶಿಮ್ಲಾದಲ್ಲಿ ತೀರಿಕೊಂಡಾಗ ಅವನಿಗೆ ಹದಿನೈದು ತುಂಬಿರಲಿಲ್ಲ. ಉಳಿದಿರುವ ಅವನ ಧ್ವನಿಮುದ್ರಣಗಳು ಕೈಬೆರಳುಗಳ ಲೆಕ್ಕಕ್ಕೆ ಮೀರವು. ಅಸೂಯೆಪಟ್ಟವರು ಯಾರೋ ಅವನಿಗೆ ಪಾದರಸವನ್ನು ಕುಡಿಸಿದರೆಂಬ ಮಾತು ಅಂದಿನಿಂದ ಇಂದಿನವರೆಗೂ ಹರಿದಾಡುತ್ತಿದೆ. ಯಾರು ಕುಡಿಸಿದರು, ಎಲ್ಲಿ, ಎಂದು ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಅದೇ ದೇಶ, ಐದು ವರ್ಷಗಳ ಅಂತರ. ಒಂದು ಮರಣಕ್ಕೆ ಪ್ರಾರ್ಥನೆಯ ಕಥೆ, ಮತ್ತೊಂದಕ್ಕೆ ಪಾದರಸದ ಕಥೆ. ವ್ಯತ್ಯಾಸವು ದೇಶದ್ದಲ್ಲ, ವಯಸ್ಸಿನದು. ಖಾನ್ ಸಾಹೇಬರು ಅರುವತ್ತೈದರ ಹತ್ತಿರದವರು. ಹಾಡಬೇಕಾದುದನ್ನು ಹಾಡಿ, ಕಲಿಸಬೇಕಾದವರಿಗೆ ಕಲಿಸಿ ಹೋದರು. ಅವರ ಮರಣದಿಂದ ದುಃಖವಾಯಿತು, ಆದರೆ ಲೆಕ್ಕವು ತಪ್ಪಲಿಲ್ಲ. ಬಾಲಕನ ಮರಣದಲ್ಲಿ ಲೆಕ್ಕವೇ ತಪ್ಪಿತು. ಬಾಳಬೇಕಾಗಿದ್ದ ಐವತ್ತು ಅರುವತ್ತು ವರ್ಷಗಳು ಬಾಕಿಯಾಗಿ ಉಳಿದವು. ಅವು ಎಲ್ಲಿ ಹೋದವು? ಯಾರು ಕದ್ದರು? ಜನರ ಮನಸ್ಸು ಶಾನುಭೋಗನ ಮನಸ್ಸಿನಂಥದು. ಖರ್ಚು ಬರೆದ ಮೇಲೆ ಅದನ್ನು ಯಾರ ಹೆಸರಿಗಾದರೂ ಹಾಕದೆ ಕಡತವನ್ನು ಮುಚ್ಚಲಾರದು. ಅಕಾಲಮರಣಕ್ಕೆ ಹುಟ್ಟುವ ಗಾಳಿಮಾತುಗಳಲ್ಲಿ ಬಹುಭಾಗವು ಈ ಉಳಿಕೆ ಆಯುಸ್ಸಿನ ಲೆಕ್ಕವೇ ಆಗಿದೆಯೆಂಬುದು ನನ್ನ ಅಭಿಪ್ರಾಯ.

ಈ ಲೆಕ್ಕವು ಹೇಗೆ ಬೆಳೆಯುತ್ತದೆ, ಕೊನೆಗೆ ಅದನ್ನು ತೆರುವವರು ಯಾರು ಎಂಬುದನ್ನು ಕಾಗದಪತ್ರಗಳ ಸಹಾಯದಿಂದ ಹೆಜ್ಜೆಹೆಜ್ಜೆಯಾಗಿ ನೋಡಬೇಕಾದರೆ ಆಸ್ಟ್ರಿಯಾ ದೇಶದ ವಿಯೆನ್ನಾ ನಗರಕ್ಕೆ ಹೋಗಬೇಕು. ಪ್ರಪಂಚದ ಸಂಗೀತಚರಿತ್ರೆಯಲ್ಲಿ ಇದಕ್ಕಿಂತ ಪ್ರಸಿದ್ಧವಾದ ಸಂಶಯವು ಮತ್ತೊಂದಿಲ್ಲ. ಇಷ್ಟು ಚೆನ್ನಾಗಿ ದಾಖಲೆಗಳು ಉಳಿದಿರುವುದೂ ಅಪರೂಪ.

ಮೋಟ್ಸಾರ್ಟ್ ಎಂಬ ಮಹಾಸಂಗೀತಗಾರನು 1756ರ ಜನವರಿ 27ರಂದು ಸಾಲ್ಜ್‌ಬರ್ಗ್ ಎಂಬಲ್ಲಿ ಹುಟ್ಟಿ, 1791ರ ಡಿಸೆಂಬರ್ 5ರ ನಡುರಾತ್ರಿಯ ಮೇಲೆ ವಿಯೆನ್ನಾದಲ್ಲಿ ತೀರಿಕೊಂಡನು. ಆಗ ಅವನಿಗೆ ಮೂವತ್ತೈದು ವರ್ಷ. ನವೆಂಬರ್ 20ರ ಸುಮಾರಿಗೆ ಹಾಸಿಗೆ ಹಿಡಿದನು; ಕೈಕಾಲುಗಳು ಬಾತುಕೊಂಡವು; ವಾಂತಿಯಾಗುತ್ತಿದ್ದಿತು; ಹದಿನೈದು ದಿನಗಳಲ್ಲಿ ಎಲ್ಲವೂ ಮುಗಿಯಿತು. ಮರಣದ ದಾಖಲೆಯಲ್ಲಿ ಬೊಕ್ಕೆಗಳೇಳುವ ತೀವ್ರಜ್ವರವೆಂದು ಬರೆದರು. ಅಂದಿನ ವೈದ್ಯಶಾಸ್ತ್ರವು ಬಗೆಬಗೆಯ ರೋಗಗಳಿಗೆ ಕೊಡುತ್ತಿದ್ದ ಸಾಮಾನ್ಯವಾದ ಹೆಸರು ಅದು. ಶವವನ್ನು ಕೊಯ್ದು ಪರೀಕ್ಷಿಸಲಿಲ್ಲ. ಇದೇ ವರ್ಷದ ಬೇಸಗೆಯಲ್ಲಿ ಅಪರಿಚಿತನೊಬ್ಬನು ಬಂದು, ತನ್ನನ್ನು ಕಳುಹಿಸಿದವರ ಹೆಸರನ್ನು ಹೇಳದೆ, ಮೃತರ ಸದ್ಗತಿಗಾಗಿ ಹಾಡತಕ್ಕ ಪ್ರಾರ್ಥನಾಸಂಗೀತವನ್ನು ರಚಿಸಿಕೊಡಬೇಕೆಂದು ಮೋಟ್ಸಾರ್ಟನನ್ನು ಕೇಳಿ ಹೋಗಿದ್ದನು. ಆ ರಚನೆಯು ಮುಗಿಯುವ ಮೊದಲೇ ರಚಿಸುವವನು ಮುಗಿದನು. ಕಥೆಗಾರನಿಗೆ ಇನ್ನೇನು ಬೇಕು?

ಮರಣವಾದ ತಿಂಗಳೊಳಗೇ ಬರ್ಲಿನ್ನಿನ ಸಂಗೀತಪತ್ರಿಕೆಯೊಂದು, ದೇಹವು ಬಾತುಕೊಂಡಿದ್ದುದರಿಂದ ವಿಷಪ್ರಾಶನವಾಗಿರಬೇಕೆಂದು ಕೆಲವರು ನಂಬುತ್ತಾರೆಂಬುದಾಗಿ ಅಚ್ಚುಹಾಕಿತು. ಯಾರ ಹೆಸರನ್ನೂ ಅದು ಹೇಳಲಿಲ್ಲ. ಕೆಲವು ವರ್ಷಗಳು ಕಳೆದು 1798ರಲ್ಲಿ ಹೊರಟ ಜೀವನಚರಿತ್ರೆಯೊಂದರಲ್ಲಿ, ರೋಗಿಯು ತನಗೆ ಯಾರೋ ವಿಷವಿಕ್ಕಿದ್ದಾರೆಂದು ಹೆಂಡತಿಯ ಮುಂದೆ ಅತ್ತುಕೊಂಡನೆಂಬ ಸಂಗತಿ ಬಂದಿತು. ಇದು ಹೆಂಡತಿಯಿಂದಲೇ ತಿಳಿದುದು, ಆದುದರಿಂದ ತಳ್ಳಿಹಾಕತಕ್ಕದ್ದಲ್ಲ. ಆದರೆ ರೋಗಿಯು ಹೀಗೆ ಹೇಳಿದನೆಂಬುದು ಒಂದು ಸಂಗತಿ. ಹೇಳಿದುದು ನಿಜವೆಂಬುದು ಬೇರೊಂದು ಸಂಗತಿ. ಜ್ವರದಿಂದಲೂ ಖಿನ್ನತೆಯಿಂದಲೂ ನರಳುವವನಿಗೆ ಇಂಥ ಭ್ರಮೆ ಹುಟ್ಟುವುದು ವೈದ್ಯರಿಗೆ ಹೊಸದಲ್ಲ. 1829ರಲ್ಲಿ ತನ್ನನ್ನು ನೋಡಲು ಬಂದ ಆಂಗ್ಲ ಯಾತ್ರಿಕ ದಂಪತಿಗಳಿಗೆ ಆಕೆಯು ಈ ವಿಷಯವನ್ನು ಹೇಳುವಾಗ, ಅದು ಗಂಡನ ಮನಸ್ಸಿನ ಅಸಂಬದ್ಧವಾದ ಕಲ್ಪನೆಯೆಂದೇ ಎಣಿಸಿದ್ದಳು.

ಇಷ್ಟು ಹೊತ್ತಿಗೆ ಬಾಕಿಯನ್ನು ಹಾಕುವುದಕ್ಕೆ ಒಂದು ಹೆಸರೂ ಸಿಕ್ಕಿದ್ದಿತು. ಅಂಟೋನಿಯೋ ಸಾಲಿಯೇರಿ ಇಟಲಿಯವನು. ವಿಯೆನ್ನಾದ ಅರಮನೆಯಲ್ಲಿ ಸಂಗೀತದ ಉನ್ನತ ಅಧಿಕಾರಿ. ಜರ್ಮನರಿಗೂ ಇಟಲಿಯವರಿಗೂ ಸಂಗೀತದಲ್ಲಿ ಪೈಪೋಟಿಯಿದ್ದ ಕಾಲದಲ್ಲಿ ಅವನು ಪರಕೀಯನು, ಪದವಿಯಲ್ಲಿದ್ದವನು. ಅದೇ ಅವನ ಅಪರಾಧ. ಅವರಿಬ್ಬರಲ್ಲಿ ಒಮ್ಮೊಮ್ಮೆ ವೈಮನಸ್ಯ ತಲೆದೋರಿದ್ದುದು ನಿಜ. ಆದರೆ ಮರಣಕ್ಕೆ ಎರಡು ತಿಂಗಳೂ ಇಲ್ಲದಿರುವಾಗ, 1791ರ ಅಕ್ಟೋಬರ್ 14ರಂದು ಮೋಟ್ಸಾರ್ಟನು ಹೆಂಡತಿಗೆ ಬರೆದ ಕಾಗದವು ಇಂದಿಗೂ ಉಳಿದಿದೆ. ಹಿಂದಿನ ಸಂಜೆ ಸಾಲಿಯೇರಿಯನ್ನು ತಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿ ತನ್ನ ಹೊಸ ಗೀತನಾಟಕವನ್ನು ತೋರಿಸಿದುದಾಗಿಯೂ, ಅವನು ಮೊದಲಿನಿಂದ ಕಡೆಯವರೆಗೆ ಗಮನವಿಟ್ಟು ಕೇಳಿ ಪ್ರತಿಯೊಂದು ಭಾಗಕ್ಕೂ ಭೇಷ್ ಎಂದುದಾಗಿಯೂ ಅದರಲ್ಲಿ ಸಂತೋಷದಿಂದ ಬರೆದಿದ್ದಾನೆ. ಮೋಟ್ಸಾರ್ಟನು ಹೋದ ಮೇಲೆ ಅವನ ಕಿರಿಯ ಮಗನು ಬೆಳೆದು ಸಂಗೀತ ಕಲಿಯಲು ಹೋದುದೂ ಈ ಸಾಲಿಯೇರಿಯ ಬಳಿಗೇ. ಗಂಡನನ್ನು ಕೊಂದವನೆಂದು ನಂಬಿದ್ದರೆ ತಾಯಿಯು ಮಗನನ್ನು ಅವನ ಕೈಗೆ ಒಪ್ಪಿಸುತ್ತಿದ್ದಳೇ?

ಸಾಲಿಯೇರಿಯ ದುರ್ದಶೆ ಪ್ರಾರಂಭವಾದುದು ಮೂವತ್ತು ವರ್ಷಗಳ ಅನಂತರ. 1823ರಲ್ಲಿ ಅವನು ಎಪ್ಪತ್ತು ಮೀರಿದ ಮುದುಕ. ದೇಹವೂ ಬುದ್ಧಿಯೂ ಕೆಟ್ಟು ಆಸ್ಪತ್ರೆಯಲ್ಲಿದ್ದನು. ತಾನೇ ಮೋಟ್ಸಾರ್ಟನಿಗೆ ವಿಷವಿಕ್ಕಿದೆನೆಂದು ಅವನು ಒಪ್ಪಿಕೊಂಡನೆಂಬ ಸುದ್ದಿ ಊರೆಲ್ಲ ಹಬ್ಬಿತು. ಕಿವುಡನಾಗಿದ್ದ ಬೀಥೋವನ್ನನೊಡನೆ ಸ್ನೇಹಿತರು ಬರೆದು ಮಾತನಾಡುತ್ತಿದ್ದ ಪುಸ್ತಕಗಳಲ್ಲಿಯೂ ಈ ಸುದ್ದಿ ದಾಖಲಾಗಿದೆ. ಮೋಶೆಲೆಸ್ ಎಂಬ ಹಳೆಯ ಶಿಷ್ಯನು ನೋಡಲು ಹೋದಾಗ, ಆ ಮುದುಕನು, ಈ ಮಾತಿನಲ್ಲಿ ಎಳ್ಳಷ್ಟೂ ನಿಜವಿಲ್ಲವೆಂದು ಆಣೆಯಿಟ್ಟು ಹೇಳಿ, ಇದನ್ನು ಲೋಕಕ್ಕೆ ತಿಳಿಸೆಂದು ಬೇಡಿಕೊಂಡನು. ಹಗಲಿರುಳು ಬಳಿಯಲ್ಲಿದ್ದ ಇಬ್ಬರು ಸೇವಕರು ತಾವು ಅಂಥ ಮಾತನ್ನು ಕೇಳಿಯೇ ಇಲ್ಲವೆಂದು ಬರೆದುಕೊಟ್ಟರು. 1824ರ ಜೂನಿನಲ್ಲಿ ಗುಲ್ಡೆನರ್ ಎಂಬ ಹಿರಿಯ ವೈದ್ಯನು ಇದನ್ನು ಕುರಿತು ಒಂದು ಕಾಗದವನ್ನು ಬರೆದನು. ಮೋಟ್ಸಾರ್ಟನಿಗೆ ಚಿಕಿತ್ಸೆ ಮಾಡಿದ ವೈದ್ಯರನ್ನು ಅವನು ಬಲ್ಲವನು. ಆ ವರ್ಷ ಅದೇ ಬಗೆಯ ಜ್ವರವು ವಿಯೆನ್ನಾದಲ್ಲಿ ಅನೇಕರಿಗೆ ಬಂದಿದ್ದಿತು, ಅನೇಕರು ಅದೇ ಚಿಹ್ನೆಗಳಿಂದ ಸತ್ತರು, ವಿಷದ ಸಂಶಯಕ್ಕೆ ವೈದ್ಯರಿಗೆ ಯಾವ ಗುರುತೂ ಕಾಣಲಿಲ್ಲ, ಎಂಬುದು ಅವನ ಹೇಳಿಕೆ.

ಇದೆಲ್ಲವೂ ಅಚ್ಚಾಯಿತು. ಫಲವೇನು? 1825ರ ಮೇ 7ರಂದು ಸಾಲಿಯೇರಿ ತೀರಿಕೊಂಡನು. 1830ರಲ್ಲಿ ರಷ್ಯದ ಮಹಾಕವಿ ಪುಷ್ಕಿನ್ನನು ಅವನನ್ನು ವಿಷವಿಕ್ಕುವ ಪಾತ್ರವನ್ನಾಗಿ ಮಾಡಿ ಒಂದು ಕಿರುನಾಟಕವನ್ನು ಬರೆದನು. ಅದೇ ಶತಮಾನದ ಕೊನೆಯಲ್ಲಿ ರಿಮ್ಸ್ಕಿ-ಕಾರ್ಸಕಾವ್ ಅದಕ್ಕೆ ಸಂಗೀತವನ್ನು ಕೂಡಿಸಿದನು. 1979ರಲ್ಲಿ ಪೀಟರ್ ಷಾಫರ್ ಎಂಬ ಆಂಗ್ಲ ನಾಟಕಕಾರನು ಮತ್ಸರದ ಈ ಕಥೆಯನ್ನೇ ಹೊಸದಾಗಿ ರಂಗಕ್ಕೆ ತಂದನು. 1984ರಲ್ಲಿ ಅದು ಚಲಚ್ಚಿತ್ರವಾಗಿ ಪ್ರಪಂಚವನ್ನೆಲ್ಲ ಸುತ್ತಿತು. ಬೀಥೋವನ್, ಷೂಬರ್ಟ್, ಲಿಸ್ಟ್ ಇಂಥವರಿಗೆ ಪಾಠ ಹೇಳಿದ ಗುರುವೊಬ್ಬನು ಇಂದು ಕೋಟ್ಯಂತರ ಜನರಿಗೆ ಪರಿಚಿತನಾಗಿರುವುದು, ತಾನು ಮಾಡದ ಕೊಲೆಯಿಂದ. ಕವಿಗಳಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು. ಆದರೆ ಕಲ್ಪನೆಯ ಪಾತ್ರಕ್ಕೆ ನಿಜವಾದ ಮನುಷ್ಯನ ಹೆಸರನ್ನಿಟ್ಟಾಗ ಅದರ ವೆಚ್ಚವನ್ನು ಕೊಡತಕ್ಕವನು ಕವಿಯಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಕೊಲೆಗಾರನೆಂದು ಹೆಸರಾದವನು ಸಾಲಿಯೇರಿ ಒಬ್ಬನೇ ಅಲ್ಲ. ಮೋಟ್ಸಾರ್ಟನು ಫ್ರೀಮೇಸನ್ ಎಂಬ ಗುಪ್ತಸಂಘಕ್ಕೆ ಸೇರಿದವನಾದುದರಿಂದ, ಸಂಘದವರೇ ಅವನನ್ನು ಕೊಂದರೆಂದು 1861ರಲ್ಲಿ ಜರ್ಮನ್ ಲೇಖಕನೊಬ್ಬನು ಬರೆದನು. 1936ರಲ್ಲಿ, ಹಿಟ್ಲರನ ಆಳ್ವಿಕೆಯ ಕಾಲದಲ್ಲಿ, ಮಟಿಲ್ಡೆ ಲೂಡೆನ್‌ಡಾರ್ಫ್ ಎಂಬಾಕೆಯು ಅದೇ ಮಾತನ್ನು ಹಿಡಿದು ಯಹೂದ್ಯರ ಮೇಲೂ ಕೊಲೆಯನ್ನು ಹೊರಿಸಿ ಪುಸ್ತಕವನ್ನು ಹೊರಡಿಸಿದಳು. ಸತ್ತವನು ಒಬ್ಬನೇ, ಕೊಂದವನು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಹೋದನು. ಇಟಲಿಯವರ ಮೇಲೆ ಅಸಹನೆಯಿದ್ದಾಗ ಇಟಲಿಯವನು, ಗುಪ್ತಸಂಘಗಳ ಭಯವಿದ್ದಾಗ ಗುಪ್ತಸಂಘ, ಯಹೂದ್ಯರ ಮೇಲೆ ದ್ವೇಷವಿದ್ದಾಗ ಯಹೂದ್ಯರು. ಇಂಥ ಕಥೆಯಿಂದ 1791ರ ವಿಯೆನ್ನಾ ನಮಗೆ ತಿಳಿಯುವುದಿಲ್ಲ. 1861ರ ಮತ್ತು 1936ರ ಜರ್ಮನಿ ತಿಳಿಯುತ್ತದೆ. ಗಾಳಿಮಾತು ಚರಿತ್ರಕಾರನಿಗೆ ನಿಷ್ಪ್ರಯೋಜಕವೇನಲ್ಲ. ಅದು ಸಾಕ್ಷಿಯೇ ಸರಿ. ಆದರೆ ಸತ್ತವನ ವಿಷಯಕ್ಕಲ್ಲ, ಆಡಿದವರ ವಿಷಯಕ್ಕೆ.

ಹಾಗಾದರೆ ಇಂಥ ಮಾತನ್ನು ಪರೀಕ್ಷಿಸುವ ಬಗೆ ಯಾವುದು? ಮೊದಲನೆಯದಾಗಿ, ಮಾತು ಹುಟ್ಟಿದುದು ಎಂದು ಎಂಬುದನ್ನು ಕೇಳಬೇಕು. ಮೋಟ್ಸಾರ್ಟನ ಶವವನ್ನು ಹಿಮದ ಬಿರುಗಾಳಿಯಲ್ಲಿ ಒಯ್ದರೆಂದೂ, ಸ್ನೇಹಿತರೆಲ್ಲರೂ ದಾರಿಯಿಂದಲೇ ಹಿಂದಿರುಗಿದರೆಂದೂ ಒಂದು ಕರುಣಾಜನಕವಾದ ಕಥೆಯಿದೆ. ಅದು ಅಚ್ಚಾದುದು 1856ರಲ್ಲಿ, ಎಂದರೆ ಅರುವತ್ತನಾಲ್ಕು ವರ್ಷಗಳ ಮೇಲೆ. ಆದರೆ ಅದೇ ದಿನಗಳಲ್ಲಿ ವಿಯೆನ್ನಾದ ಶ್ರೀಮಂತನೊಬ್ಬನು ಬರೆದಿಟ್ಟ ದಿನಚರಿಯಲ್ಲಿ, ಹವೆ ಸೌಮ್ಯವಾಗಿದ್ದಿತು, ಆಗಾಗ ಮಂಜು ಕವಿಯುತ್ತಿದ್ದಿತು ಎಂದಿದೆ. ಬಿರುಗಾಳಿ ಬೀಸಿದುದು ಕಥೆಗಾರನ ಮನಸ್ಸಿನಲ್ಲಿ. ಎರಡನೆಯದಾಗಿ, ಹೇಳಿದವನು ಕಂಡವನೋ ಕೇಳಿದವನೋ ಎಂಬುದನ್ನು ನೋಡಬೇಕು. ಮೂರನೆಯದಾಗಿ, ಅದೇ ಕಾಲದಲ್ಲಿ ಅದೇ ಊರಿನಲ್ಲಿ ಇತರರು ಏತರಿಂದ ಸಾಯುತ್ತಿದ್ದರು ಎಂಬುದನ್ನು ವಿಚಾರಿಸಬೇಕು. ಈ ಮೂರನೆಯ ಪ್ರಶ್ನೆಯನ್ನು ಸಂಶೋಧಕರು ನಿಜವಾಗಿಯೂ ಕೈಗೆತ್ತಿಕೊಂಡರು. ವಿಯೆನ್ನಾದ ಮರಣದ ದಾಖಲೆಗಳಿಂದ ಐದು ಸಾವಿರ ಮಂದಿ ವಯಸ್ಕರ ಮರಣಗಳನ್ನು ಪರಿಶೀಲಿಸಿ, ಮೋಟ್ಸಾರ್ಟನು ಸತ್ತ ವಾರಗಳಲ್ಲಿ ಮೈಬಾವಿನಿಂದ ಸತ್ತ ಯುವಕರ ಸಂಖ್ಯೆಯು ಹಿಂದುಮುಂದಿನ ವರ್ಷಗಳಿಗಿಂತ ಹೆಚ್ಚಾಗಿದ್ದಿತೆಂದು 2009ರಲ್ಲಿ ಪ್ರಕಟಿಸಿದರು. ಗಂಟಲಿನಲ್ಲಿ ಆರಂಭವಾದ ಸೋಂಕು ಮೂತ್ರಪಿಂಡಗಳನ್ನು ಕೆಡಿಸಿರಬಹುದೆಂಬುದು ಅವರ ಊಹೆ. ನೂರೆಂಬತ್ತೈದು ವರ್ಷಗಳ ಹಿಂದೆ ಗುಲ್ಡೆನರನು ಬರೆದ ಕಾಗದಕ್ಕೂ ಇದಕ್ಕೂ ಎಷ್ಟು ಸಾಮ್ಯವಿದೆಯೆಂಬುದನ್ನು ನೋಡಿರಿ. ಸತ್ಯವು ಆಗಲೇ ಸಮೀಪದಲ್ಲಿದ್ದಿತು. ಕಥೆಯಷ್ಟು ರುಚಿಕರವಾಗಿರಲಿಲ್ಲವಾದುದರಿಂದ ಅದಕ್ಕೆ ಕೇಳುವವರಿರಲಿಲ್ಲ.

ಉಳಿಕೆ ಆಯುಸ್ಸನ್ನು ಬರೆದಿಡುವುದಕ್ಕೆ ಶತ್ರುವೇ ಬೇಕೆಂಬ ನಿಯಮವಿಲ್ಲ. ಇದಕ್ಕೆ ನಿದರ್ಶನವು ನಮ್ಮ ರಾಯಚೂರು ಸೀಮೆಯಲ್ಲಿಯೇ ಇದೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲವು ಹರಿದಾಸರ ನೆಲ. ವಿಜಯದಾಸರು ಹುಟ್ಟಿದುದು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿಯ ಹತ್ತಿರದ ಬ್ಯಾಗವಾಟದವರು. ಚಂದ್ರಬಂಡದಿಂದ ಮಾನ್ವಿಯವರೆಗೆ, ದಾಸರ ಪದಗಳನ್ನು ಹಾಡುವ ಮನೆಗಳಲ್ಲಿ ಈ ಮೂವರ ಕಥೆಯನ್ನು ಅರಿಯದವರು ಕಡಮೆ.

ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಹಾಡುವ ದಾಸರನ್ನು ಅವರು ಲಘುವಾಗಿ ಕಂಡರೆಂದೂ, ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆವವನ್ನು ಹೇಳಿ ತಪ್ಪಿಸಿಕೊಂಡರೆಂದೂ, ನೆವವೇ ನಿಜವಾಗಿ ಕಠಿನವಾದ ಉದರವ್ಯಾಧಿ ಹಿಡಿಯಿತೆಂದೂ ಸಂಪ್ರದಾಯವು ಹೇಳುತ್ತದೆ. ಕಡೆಗೆ ಪಶ್ಚಾತ್ತಾಪದಿಂದ ಶರಣುಬಂದ ಅವರನ್ನು ವಿಜಯದಾಸರು ಉತ್ತನೂರಿನಲ್ಲಿದ್ದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಾಲ್ವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದುಕೊಟ್ಟರು. ಸಂಪ್ರದಾಯದ ಲೆಕ್ಕದಂತೆ ಗೋಪಾಲದಾಸರು ಬಾಳಿದುದು ನಾಲ್ವತ್ತರ ಆಸುಪಾಸು. 1762ರ ಸುಮಾರಿಗೆ ತೀರಿಕೊಂಡರು. ಜಗನ್ನಾಥದಾಸರು 1728ರಲ್ಲಿ ಹುಟ್ಟಿ 1809ರವರೆಗೆ, ಎಂಬತ್ತು ದಾಟಿ ಬದುಕಿದರು.

ಅಂಕಿಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಕಥೆಯ ಗುಟ್ಟು ತಿಳಿಯುತ್ತದೆ. ಗುರುವಿನಲ್ಲಿ ನಾಲ್ವತ್ತು ಕಡಮೆ. ಶಿಷ್ಯನಲ್ಲಿ ನಾಲ್ವತ್ತು ಹೆಚ್ಚು. ಭಕ್ತರ ಮನಸ್ಸು ಈ ಕೊರತೆಯನ್ನೂ ಆ ಹೆಚ್ಚಳವನ್ನೂ ಸರಿದೂಗಿಸಿತು. ಚರಿತ್ರಕಾರನು ಇದನ್ನು ನಡೆದ ಸಂಗತಿಯೆಂದು ಬರೆದುಕೊಳ್ಳಲಾರನು; ನಂಬುವವರ ನಂಬಿಕೆಯನ್ನು ಕದಲಿಸುವುದೂ ಅವನ ಕೆಲಸವಲ್ಲ. ಅವನು ಗುರುತಿಸಬೇಕಾದುದು ಇಷ್ಟು: ವಿಯೆನ್ನಾದವರಂತೆಯೇ ನಮ್ಮವರೂ ಅಕಾಲದಲ್ಲಿ ನಿಂತುಹೋದ ವಾಗ್ಗೇಯಕಾರರೊಬ್ಬರ ಉಳಿಕೆ ವರ್ಷಗಳಿಗೆ ಲೆಕ್ಕ ಕೇಳಿದರು. ಆದರೆ ಅವರು ಬರೆದುಕೊಂಡ ಲೆಕ್ಕದಲ್ಲಿ ಕಳ್ಳನಿಲ್ಲ, ದಾನಿಯಿದ್ದಾನೆ. ಯಾರ ಮನೆಯ ಬಾಗಿಲಿಗೂ ಕಳಂಕ ಹತ್ತಲಿಲ್ಲ. ಯಾವ ಮುದುಕನೂ ಆಸ್ಪತ್ರೆಯಲ್ಲಿ ಮಲಗಿ ತಾನು ನಿರಪರಾಧಿಯೆಂದು ಆಣೆಯಿಡಬೇಕಾಗಲಿಲ್ಲ.

ಲೆಕ್ಕ ಕೇಳುವವರೇ ಇಲ್ಲದ ಮರಣಗಳೂ ಉಂಟು. 1902ರಲ್ಲಿ 'ಗ್ರಾಮಾಫೋನ್ ಕಂಪನಿ'ಗಾಗಿ ಹಾಡಿ, ತಟ್ಟೆಯ ಮೂಲಕ ದೇಶದಲ್ಲೆಲ್ಲ ಮನೆಮಾತಾದ ಗೌಹರ್ ಜಾನ್ ತನ್ನ ಕಡೆಯ ದಿನಗಳಲ್ಲಿ ಮೈಸೂರಿಗೆ ಬಂದಳು. 1928ರಲ್ಲಿ ಅರಮನೆಯು ತಿಂಗಳಿಗೆ 500 ರೂಪಾಯಿಗಳ ಸಂಬಳದ ಮೇಲೆ ಆಕೆಯನ್ನು ನೇಮಿಸಿಕೊಂಡಿತು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಆಕೆ ತೀರಿಕೊಂಡಳು. ವಯಸ್ಸು ಐವತ್ತಾರು, ಕೀರ್ತಿಯ ಕಾಲ ಮುಗಿದಿದ್ದಿತು, ಬಳಗದವರಿರಲಿಲ್ಲ. ವಿಷದ ಕಥೆಯೂ ಹುಟ್ಟಲಿಲ್ಲ, ವರದ ಕಥೆಯೂ ಹುಟ್ಟಲಿಲ್ಲ. ಗಾಳಿಮಾತು ಸಹ ಒಂದು ಬಗೆಯ ಪ್ರೀತಿಯೆಂಬುದು ಇಲ್ಲಿ ತಿಳಿಯುತ್ತದೆ. ಜನರು ಯಾರನ್ನು ಬಿಡಲಾರರೋ ಅವರ ಮರಣವನ್ನೇ ಕೆದಕುತ್ತಾರೆ. ಆದುದರಿಂದ ಸಂಶಯಪಡುವವರನ್ನೆಲ್ಲ ಮೂಢರೆಂದು ಜರೆಯುವುದು ನ್ಯಾಯವಲ್ಲ. ಅವರ ದುಃಖವು ನಿಜವಾದುದು. ಅದು ಹಿಡಿದ ದಾರಿ ಮಾತ್ರ ತಪ್ಪು.

ವಿಷಪ್ರಾಶನಗಳು ಲೋಕದಲ್ಲಿ ನಡೆಯುವುದೇ ಇಲ್ಲವೆಂದೂ ನಾನು ಹೇಳುತ್ತಿಲ್ಲ. ನಡೆದಿವೆ, ನಡೆಯುತ್ತವೆ. ಸಂಶಯಕ್ಕೆ ಕಾರಣವಿದ್ದಲ್ಲಿ ವೈದ್ಯರು ಪರೀಕ್ಷಿಸಲಿ, ನ್ಯಾಯಸ್ಥಾನವು ವಿಚಾರಣೆ ಮಾಡಲಿ. ಅದಕ್ಕಾಗಿಯೇ ಅವು ಇರುವುದು. ಆದರೆ ವಿಚಾರಣೆಗೆ ಮುಂಚೆಯೇ ತೀರ್ಪನ್ನು ಬರೆದು, ಹೆಸರನ್ನು ಆಮೇಲೆ ಹುಡುಕುವುದು ನ್ಯಾಯವಲ್ಲ. ಬರ್ಲಿನ್ನಿನ ಪತ್ರಿಕೆಯ ಒಂದು ಸಾಲು ವಿಯೆನ್ನಾದ ಮುದುಕನನ್ನು ತಲುಪುವುದಕ್ಕೆ ಮೂವತ್ತು ವರ್ಷಗಳು ಬೇಕಾದವು. ಇಂದು ಅಂಥ ಸಾಲು ಒಂದು ಗಳಿಗೆಯಲ್ಲಿ ಲಕ್ಷ ಜನರ ಅಂಗೈಗೆ ಬಂದು ಬೀಳುತ್ತದೆ. ಹೆಸರು ಹಿಡಿಯಲ್ಪಟ್ಟವನು ಚಿಕಿತ್ಸೆ ಮಾಡಿದ ವೈದ್ಯನಾಗಿರಬಹುದು, ಜತೆಯಲ್ಲಿದ್ದ ಶಿಷ್ಯನಾಗಿರಬಹುದು, ಬಾಳು ಹಂಚಿಕೊಂಡ ಹೆಂಡತಿಯೇ ಆಗಿರಬಹುದು. ಸತ್ತವರಿಗೆ ಗಾಳಿಮಾತಿನಿಂದ ಆಗತಕ್ಕದ್ದೇನೂ ಇಲ್ಲ; ಇದ್ದವರು ನಾಳೆ ಬೆಳಗಾದರೆ ಬೀದಿಗೆ ಬರಬೇಕು.

ಪ್ರಿಯನಾದ ಗಾಯಕನೊಬ್ಬನು ಹಠಾತ್ತಾಗಿ ತೀರಿಕೊಂಡನೆಂಬ ಸುದ್ದಿಯ ಜತೆಗೆ ಮತ್ತೊಂದು ಸುದ್ದಿಯೂ ಬಂದಾಗ, ಅದನ್ನು ಮುಂದಕ್ಕೆ ದಾಟಿಸುವ ಮೊದಲು ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಇದು ಎಂದು ಹುಟ್ಟಿತು, ಕಂಡವರು ಯಾರು, ಇದಕ್ಕಿಂತ ಸರಳವಾದ ಕಾರಣವು ಇರಬಹುದೇ. ಉತ್ತರ ಬಾರದಿದ್ದರೆ ಸುಮ್ಮನಿದ್ದು, ಆ ಗಾಯಕನ ತಟ್ಟೆಯೊಂದನ್ನು ಹಾಕಿ ಕೇಳಬಹುದು. ಖಾನ್ ಸಾಹೇಬರ ಖರಹರಪ್ರಿಯವು ಇಂದಿಗೂ ಕೇಳಸಿಗುತ್ತದೆ. ಸಾಲಿಯೇರಿಯ ಸಂಗೀತವನ್ನು ಕೂಡ ಈಗ ಕೆಲವರು ಮತ್ತೆ ಹಾಡುತ್ತಿದ್ದಾರೆ. ಅದನ್ನು ಕೇಳುವುದರಿಂದ ಅವನಿಗೆ ಸಲ್ಲಬೇಕಾಗಿದ್ದ ನ್ಯಾಯದಲ್ಲಿ ಒಂದು ಪಾಲಾದರೂ ಸಂದಂತಾಗುತ್ತದೆ.